ಸಿಎಲ್‌ಎಲ್: ಕಾಯುವುದೇ, ದಿನವೂ ಮಾತ್ರೆಯೇ, ವರ್ಷದಲ್ಲಿ ಮುಗಿಸುವುದೇ?

ದೊಡ್ಡಪ್ಪನ ಕಣ್ಣಿನ ಪೊರೆ ತೆಗೆಸುವ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಎಣಿಕೆ 38,000 ಬಂತು. ಇರಬೇಕಾದದ್ದು 11,000ದ ಒಳಗೆ. ಅವರಿಗೆ ಜ್ವರವಿರಲಿಲ್ಲ, ಸುಸ್ತಿರಲಿಲ್ಲ. ಹಿಂದಿನ ದಿನವಷ್ಟೇ ಅರಸೀಕೆರೆ ಬಳಿಯ ತೋಟದಲ್ಲಿ ನಿಂತು ಕಾಯಿ ಎಣಿಸಿಕೊಟ್ಟು ಬಂದಿದ್ದರು. ಹತ್ತು ದಿನಗಳಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಲ್‌ಎಲ್. ರಕ್ತದ ಕ್ಯಾನ್ಸರ್ ಎಂದು ಹೇಳಿದ ಅದೇ ವೈದ್ಯರು ‘ಈಗ ಔಷಧ ಏನೂ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದಾಗ ಮನೆಯವರಿಗೆಲ್ಲ ಸಿಟ್ಟು ಬಂತು. ಆ ಸಿಟ್ಟು ಅಜ್ಞಾನದಿಂದ ಬಂದದ್ದು ಎಂದು ತಿಳಿಯಲು ನನಗೆ ವರ್ಷವೇ ಹಿಡಿಯಿತು.

ನಾನು ವೈದ್ಯೆಯಲ್ಲ. ಆರು ವರ್ಷ ಅವರ ಕಡತ ಹಿಡಿದುಕೊಂಡು ಆಸ್ಪತ್ರೆಯ ಬೆಂಚುಗಳ ಮೇಲೆ ಕುಳಿತವಳು. ಪಕ್ಕದಲ್ಲಿ ಕುಳಿತ ಕುಟುಂಬಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದಕ್ಕೆ ಯಾವ ಔಷಧ ಒಳ್ಳೆಯದು?’ ಸಿಎಲ್‌ಎಲ್ ವಿಷಯದಲ್ಲಿ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಈಗ ಚಿಕಿತ್ಸೆ ಬೇಕೇ ಎಂಬುದು. ಎರಡನೆಯದು, ಈ ಕಣಗಳ ವಂಶವಾಹಿಗಳಲ್ಲಿ ಏನಿದೆ ಎಂಬುದು. ಈ ಎರಡಕ್ಕೆ ಉತ್ತರ ಸಿಗದೆ ಔಷಧ ಆರಿಸುವುದು ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ.

ಹೆಸರುಗಳ ಗೊಂದಲ

ವರದಿಯಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾದರೂ ಕಾಯಿಲೆಯೇ ಬೇರೆ. ಸಿಎಂಎಲ್ ಎಂಬುದು ಮೈಲಾಯ್ಡ್ ಕಣಗಳ ಕ್ಯಾನ್ಸರ್. ಅದಕ್ಕೆ ಇಮ್ಯಾಟಿನಿಬ್ ಮಾತ್ರೆಯಿದೆ, ಪತ್ತೆಯಾದ ಕೂಡಲೇ ಶುರುಮಾಡುತ್ತಾರೆ. ಎಎಲ್‌ಎಲ್ ಮಕ್ಕಳಲ್ಲಿ ಹೆಚ್ಚು ಕಾಣುವ, ದಿನಗಳ ಲೆಕ್ಕದಲ್ಲಿ ಏರುವ ಕಾಯಿಲೆ. ಸಿಎಲ್‌ಎಲ್ ಹೆಚ್ಚಾಗಿ ವಯಸ್ಸಾದವರಿಗೆ ಬರುವ, ವರ್ಷಗಳ ಲೆಕ್ಕದಲ್ಲಿ ನಡೆಯುವ ಕಾಯಿಲೆ. ಯುರೋಪ್, ಅಮೆರಿಕಗಳಲ್ಲಿ ದೊಡ್ಡವರಿಗೆ ಬರುವ ಲ್ಯುಕೇಮಿಯಾಗಳಲ್ಲಿ ಇದೇ ಮೊದಲನೆಯದು. ಭಾರತದಲ್ಲಿ ಅಷ್ಟು ಸಾಮಾನ್ಯವಲ್ಲ. ಹಾಗಾಗಿ ನೆಂಟರಲ್ಲಿ ಯಾರಿಗೋ ಬಂದಿದ್ದ ‘ಬ್ಲಡ್ ಕ್ಯಾನ್ಸರ್’ ಕಥೆಯನ್ನು ಇದಕ್ಕೆ ಹೋಲಿಸಿ ಹೆದರಿಸುವವರೇ ಹೆಚ್ಚು. ಅವರ ಮಾತಿಗೆ ಕಿವಿಗೊಡಬೇಡಿ.

ಸಿಎಲ್‌ಎಲ್ ಎಂದು ಕರೆಯಬೇಕಾದರೆ ಒಂದೇ ಮೂಲದಿಂದ ಹುಟ್ಟಿದ ಬಿ ಕಣಗಳು (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ಒಂದು ಮೈಕ್ರೋಲೀಟರ್ ರಕ್ತದಲ್ಲಿ 5,000 ಅಥವಾ ಅದಕ್ಕಿಂತ ಹೆಚ್ಚಿದ್ದು, ಮೂರು ತಿಂಗಳಾದರೂ ಹಾಗೆಯೇ ಇರಬೇಕು. ಅದಕ್ಕಿಂತ ಕಡಿಮೆಯಿದ್ದು, ದೇಹದಲ್ಲಿ ಗಂಟುಗಳಿಲ್ಲದಿದ್ದರೆ ಅದು ಎಂಬಿಎಲ್ ಎಂಬ ಮುನ್ಸ್ಥಿತಿ. ಅದೇ ಕಣಗಳು ರಕ್ತಕ್ಕಿಂತ ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ನೆಲೆಸಿ ಗಂಟುಗಳನ್ನು ಮಾಡಿದರೆ ವರದಿಯಲ್ಲಿ ಎಸ್‌ಎಲ್‌ಎಲ್ ಎಂದು ಬರೆಯುತ್ತಾರೆ. ಕಾಯಿಲೆ ಒಂದೇ, ಚಿಕಿತ್ಸೆಯೂ ಒಂದೇ, ಮನೆ ಮಾತ್ರ ಬೇರೆ.

ಇದನ್ನು ಖಚಿತಪಡಿಸಲು ರಕ್ತಕಣಗಳ ಗುರುತುಗಳನ್ನು ನೋಡುವ ಫ್ಲೋ ಸೈಟೋಮೆಟ್ರಿ ಪರೀಕ್ಷೆ ಸಾಕಾಗುತ್ತದೆ. ಸಿಡಿ5, ಸಿಡಿ19, ಸಿಡಿ23 ಎಂಬ ಗುರುತುಗಳು ಒಟ್ಟಿಗೆ ಕಾಣಬೇಕು. ಅಸ್ಥಿಮಜ್ಜೆಯ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಸಿಡಿ5 ಇದ್ದು ಸಿಡಿ23 ಇಲ್ಲದಿದ್ದರೆ ಮ್ಯಾಂಟಲ್ ಸೆಲ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇರಬಹುದೇ ಎಂದು ನೋಡಬೇಕಾಗುತ್ತದೆ. ಅದು ಸಾಮಾನ್ಯವಾಗಿ ಇದಕ್ಕಿಂತ ಚುರುಕಾದ ಕಾಯಿಲೆ.

ಹಂತ ಬೇರೆ, ಬಗೆ ಬೇರೆ

ಹಂತಗಳನ್ನು ಅಳೆಯಲು ಎರಡು ಕೋಲುಗಳಿವೆ. ಒಂದು ‘ರಾಯ್’. ರಾಜಸ್ಥಾನದಿಂದ ಅಮೆರಿಕಕ್ಕೆ ಹೋದ ವೈದ್ಯ ಕಾಂತಿ ರಾಯ್ 1975ರಲ್ಲಿ ಮುಂದಿಟ್ಟದ್ದು. ಕೈ, ಕಣ್ಣು ಮತ್ತು ಒಂದು ಸಾದಾ ರಕ್ತಪರೀಕ್ಷೆಯಿಂದ ಜಗತ್ತಿನ ಯಾವ ಊರಿನಲ್ಲಾದರೂ ಅಳೆಯಬಹುದಾದ ಕ್ರಮ ಅದು. ಬರೀ ಲಿಂಫೋಸೈಟ್ ಹೆಚ್ಚಿದ್ದರೆ ಸೊನ್ನೆ, ಗಂಟುಗಳಿದ್ದರೆ ಒಂದು, ಗುಲ್ಮ (ಸ್ಪ್ಲೀನ್) ಅಥವಾ ಯಕೃತ್ತು ಊದಿದ್ದರೆ ಎರಡು, ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ಮೂರು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ ನಾಲ್ಕು. ಇನ್ನೊಂದು ಫ್ರಾನ್ಸಿನ ‘ಬಿನೆ’ ಕ್ರಮ, 1981ರದ್ದು. ಎ, ಬಿ, ಸಿ ಎಂದು ಮೂರೇ ಮೆಟ್ಟಿಲು. ನಿಮ್ಮ ವೈದ್ಯರು ಯಾವುದನ್ನು ಬಳಸಿದರೂ ಸರಿ.

ಆದರೆ ಹಂತವು ಕಾಯಿಲೆ ಇಂದು ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಯಾವ ವೇಗದಲ್ಲಿ ಓಡುತ್ತದೆ ಎಂದಲ್ಲ. ಆ ವೇಗ ವಂಶವಾಹಿಗಳಲ್ಲಿದೆ. ಸಿಎಲ್‌ಎಲ್‌ನಲ್ಲಿ ಬಗೆಗಳು ಎನ್ನಬೇಕಾದವು ಇವೇ ಎಂದು ನನ್ನ ಅನಿಸಿಕೆ.

ಫಿಶ್ ಎಂಬ ಪರೀಕ್ಷೆ ವರ್ಣತಂತುಗಳಲ್ಲಿ ಯಾವ ತುಂಡು ಕಳೆದುಹೋಗಿದೆ ಎಂದು ತೋರಿಸುತ್ತದೆ. 13ನೇ ವರ್ಣತಂತುವಿನ ತುಂಡು ಮಾತ್ರ ಹೋಗಿದ್ದರೆ ನಿಧಾನದ ಕಾಯಿಲೆ; ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಈ ಬದಲಾವಣೆ ಕಾಣುತ್ತದೆ. 12ನೇ ವರ್ಣತಂತು ಒಂದು ಹೆಚ್ಚಿದ್ದರೆ ನಡುವಿನದು. 11ನೇ ವರ್ಣತಂತುವಿನ ತುಂಡು ಹೋಗಿದ್ದರೆ ಗಂಟುಗಳು ದೊಡ್ಡವಾಗಿ ಬೆಳೆಯುವ ಪ್ರವೃತ್ತಿ. 17ನೇ ವರ್ಣತಂತುವಿನ ಗಿಡ್ಡ ತೋಳು ಹೋಗಿದ್ದರೆ, ವರದಿಯಲ್ಲಿ ‘ಡೆಲ್ 17ಪಿ’, ಎಲ್ಲಕ್ಕಿಂತ ಹಠಮಾರಿ. ಏಕೆಂದರೆ ಹಾಳಾದ ಕಣವನ್ನು ಸಾಯಿಸುವ ಟಿಪಿ53 ಎಂಬ ಕಾವಲು ವಂಶವಾಹಿ ಇರುವುದು ಅಲ್ಲೇ. ತುಂಡು ಕಳೆದುಹೋಗದೆ ಟಿಪಿ53 ಒಳಗೇ ಕೆಟ್ಟಿರಲೂಬಹುದು. ಅದನ್ನು ಫಿಶ್ ಕಾಣುವುದಿಲ್ಲ, ವಂಶವಾಹಿಯನ್ನು ಅಕ್ಷರ ಅಕ್ಷರ ಓದುವ ಸೀಕ್ವೆನ್ಸಿಂಗ್ ಬೇರೆಯಾಗಿ ಮಾಡಿಸಬೇಕು. ಈ ಮಾತನ್ನು ನಮಗೆ ಮೊದಲು ಯಾರೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಮೂರನೆಯದು ಐಜಿಎಚ್‌ವಿ. ಬಿ ಕಣ ಪ್ರತಿಕಾಯ ತಯಾರಿಸುವ ತರಬೇತಿ ಪಡೆಯುವಾಗ ಈ ವಂಶವಾಹಿ ಸಹಜವಾಗಿಯೇ ಬದಲಾಗುತ್ತದೆ. ತರಬೇತಿ ಮುಗಿಸಿದ ಕಣದಿಂದ ಹುಟ್ಟಿದ ಕಾಯಿಲೆ ‘ಮ್ಯುಟೇಟೆಡ್’, ಅದು ಸೌಮ್ಯ. ಬದಲಾಗದ ಕಣದಿಂದ ಹುಟ್ಟಿದ್ದು ‘ಅನ್‌ಮ್ಯುಟೇಟೆಡ್’. ಅದು ಬೇಗ ಬೆಳೆಯುತ್ತದೆ. ಮ್ಯುಟೇಶನ್ ಎಂಬ ಪದ ಕಂಡೊಡನೆ ಎದೆ ಒಡೆದುಕೊಳ್ಳುವವರನ್ನು ನೋಡಿದ್ದೇನೆ. ಟಿಪಿ53ರ ಮುಂದೆ ಆ ಪದ ಕೆಟ್ಟ ಸುದ್ದಿ, ಐಜಿಎಚ್‌ವಿ ಮುಂದೆ ಅದೇ ಪದ ಒಳ್ಳೆಯ ಸುದ್ದಿ.

ಅಂತರ್ಜಾಲದಲ್ಲಿ ಹುಡುಕಿದರೆ 2000ನೇ ಇಸವಿಯ ಒಂದು ಪ್ರಸಿದ್ಧ ಜರ್ಮನ್ ಅಧ್ಯಯನದ ಅಂಕಿಗಳು ಕಣ್ಣಿಗೆ ಬೀಳುತ್ತವೆ: 325 ರೋಗಿಗಳಲ್ಲಿ, 17ಪಿ ಕಳೆದುಕೊಂಡವರ ಸರಾಸರಿ ಆಯುಷ್ಯ 32 ತಿಂಗಳು, 13ನೆಯದರ ತುಂಡನ್ನು ಮಾತ್ರ ಕಳೆದುಕೊಂಡವರದ್ದು 133 ತಿಂಗಳು. ಅದನ್ನು ಓದಿ ರಾತ್ರಿಯಿಡೀ ನಿದ್ದೆಗೆಟ್ಟವರಲ್ಲಿ ನಾನೂ ಒಬ್ಬಳು. ಆ ಲೆಕ್ಕ ಈಗಿನ ಮಾತ್ರೆಗಳಲ್ಲಿ ಒಂದೂ ಹುಟ್ಟಿರದ ಕಾಲದ್ದು. ಯಾವುದು ಹೆಚ್ಚು ಹಠಮಾರಿ ಎಂಬ ಕ್ರಮವನ್ನು ಅದರಿಂದ ತೆಗೆದುಕೊಳ್ಳಿ, ತಿಂಗಳುಗಳನ್ನು ಬಿಟ್ಟುಬಿಡಿ.

ಕಾಯುವುದು ಯಾವಾಗ ಸರಿ

ಬೇಗ ಶುರುಮಾಡಿದರೆ ಬೇಗ ಗುಣ ಎಂಬ ನಂಬಿಕೆ ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ನಿಜ, ಇಲ್ಲಿ ಅಲ್ಲ. ಹಳೆಯ ಕ್ಲೋರಾಂಬ್ಯುಸಿಲ್ ಮಾತ್ರೆಯ ಕಾಲದಿಂದಲೂ ಇದನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಲಕ್ಷಣಗಳಿಲ್ಲದ, ಆದರೆ ಬೇಗ ಬೆಳೆಯುವ ಸಾಧ್ಯತೆಯಿದ್ದವರಿಗೆ ಹೊಸ ಮಾತ್ರೆ ಇಬ್ರುಟಿನಿಬ್ ಅನ್ನೇ ಮೊದಲೇ ಕೊಟ್ಟು ನೋಡಿದ ಜರ್ಮನಿಯ ಸಿಎಲ್‌ಎಲ್12 ಪ್ರಯೋಗದಲ್ಲೂ ಕಾಯಿಲೆ ಏರುವುದು ತಡವಾಯಿತೇ ಹೊರತು ಆಯುಷ್ಯ ಹೆಚ್ಚಲಿಲ್ಲ. ಅಡ್ಡಪರಿಣಾಮ, ಖರ್ಚು ಮಾತ್ರ ಮೊದಲೇ ಶುರುವಾದಂತಾಯಿತು. ಸಿಎಲ್‌ಎಲ್ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಜೀವಮಾನದಲ್ಲಿ ಚಿಕಿತ್ಸೆಯೇ ಬೇಕಾಗುವುದಿಲ್ಲ.

ಹಾಗಾದರೆ ಕಾಯುವುದನ್ನು ಯಾವಾಗ ನಿಲ್ಲಿಸಬೇಕು? ಹಿಮೋಗ್ಲೋಬಿನ್ 10ಕ್ಕಿಂತ ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿಯುತ್ತಾ ಹೋದಾಗ. ಗಂಟು 10 ಸೆಂಟಿಮೀಟರ್ ಮುಟ್ಟಿದಾಗ, ಇಲ್ಲವೇ ಗುಲ್ಮ ಪಕ್ಕೆಲುಬಿನ ಕೆಳಗೆ 6 ಸೆಂಟಿಮೀಟರ್ ಇಳಿದಾಗ. ಆರು ತಿಂಗಳಲ್ಲಿ ಮೈತೂಕದ ಹತ್ತರಲ್ಲೊಂದು ಪಾಲು ಕರಗಿದಾಗ, ಸೋಂಕಿಲ್ಲದೆ ಎರಡು ವಾರ ಜ್ವರ ಬಂದಾಗ, ತಿಂಗಳು ಕಳೆದರೂ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದಾಗ. ಲಿಂಫೋಸೈಟ್ ಎಣಿಕೆ ಆರು ತಿಂಗಳೊಳಗೆ ಇಮ್ಮಡಿಯಾದರೂ ಲೆಕ್ಕಕ್ಕೆ ಬರುತ್ತದೆ. ಆದರೆ 30,000ಕ್ಕಿಂತ ಕೆಳಗಿರುವಾಗ ಆಗುವ ಇಮ್ಮಡಿಯನ್ನೊಂದೇ ನೆಚ್ಚಿಕೊಳ್ಳುವಂತಿಲ್ಲ. ಬಿಳಿ ಕಣಗಳು ಒಂದು ಲಕ್ಷ ದಾಟಿವೆ ಎಂಬುದೊಂದೇ ಚಿಕಿತ್ಸೆಗೆ ಕಾರಣವಲ್ಲ. ಈ ಕೊನೆಯ ಮಾತನ್ನು ನಂಬುವುದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾಯಿತು. ದೊಡ್ಡಪ್ಪನದು 1,10,000 ಆದಾಗಲೂ ಅವರು ತೋಟಕ್ಕೆ ಹೋಗುತ್ತಿದ್ದರು.

ಕಾಯುವ ಕಾಲ ಕೈಕಟ್ಟಿ ಕೂರುವ ಕಾಲವೂ ಅಲ್ಲ. ಸಿಎಲ್‌ಎಲ್ ರೋಗಿಗಳನ್ನು ಹೆಚ್ಚು ಕಾಡುವುದು ಸೋಂಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು, ಸರ್ಪಸುತ್ತಿಗೆ ಇರುವ ಜೀವಂತವಲ್ಲದ ಲಸಿಕೆಯನ್ನು ಈ ಅವಧಿಯಲ್ಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಜೀವಂತ ವೈರಾಣುವಿನ ಲಸಿಕೆಗಳು ಇವರಿಗೆ ಸಲ್ಲವು.

ಕೀಮೋಗೆ ಇನ್ನೂ ಜಾಗವಿದೆಯೇ

ಸ್ವಲ್ಪ ಇದೆ. ಫ್ಲುಡಾರಬಿನ್, ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಮೂರೂ ಸೇರಿದ ಎಫ್‌ಸಿಆರ್ ಅನ್ನು ಆರು ಸುತ್ತು ಕೊಡುತ್ತಾರೆ. ಅಮೆರಿಕದ ಎಂ. ಡಿ. ಆಂಡರ್ಸನ್ ಕೇಂದ್ರದಲ್ಲಿ ಅದನ್ನು ಪಡೆದ ಐಜಿಎಚ್‌ವಿ ಮ್ಯುಟೇಟೆಡ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸುಮಾರು 13 ವರ್ಷದ ನಂತರವೂ ಕಾಯಿಲೆ ಮರುಕಳಿಸಿರಲಿಲ್ಲ. ಆದ್ದರಿಂದ 65ಕ್ಕಿಂತ ಕಡಿಮೆ ವಯಸ್ಸಿನ, ಗಟ್ಟಿಮುಟ್ಟಾದ, ಮ್ಯುಟೇಟೆಡ್ ಬಗೆಯ, ಟಿಪಿ53 ಸರಿಯಿರುವ ರೋಗಿಗೆ ಹಣದ ಅಡಚಣೆಯಿದ್ದರೆ ಇದು ಕೀಳಾದ ಆಯ್ಕೆಯಲ್ಲ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಗಂಭೀರ ಸೋಂಕುಗಳು, ಮುಂದೆಂದೋ ಅಸ್ಥಿಮಜ್ಜೆಯಲ್ಲಿ ಇನ್ನೊಂದು ಕ್ಯಾನ್ಸರ್ ಬರುವ ಸಣ್ಣ ಅಪಾಯ. ವಯಸ್ಸಾದವರಿಗೆ ಬೆಂಡಮಸ್ಟಿನ್ ಜೊತೆ ರಿಟುಕ್ಸಿಮ್ಯಾಬ್ ಕೊಡುತ್ತಾ ಬಂದಿದ್ದಾರೆ. ತಡೆದುಕೊಳ್ಳಲು ಸುಲಭ, ಫಲ ಸ್ವಲ್ಪ ಕಡಿಮೆ.

ಟಿಪಿ53 ಕೆಟ್ಟಿದ್ದರೆ ಕೀಮೋ ಬೇಡವೇ ಬೇಡ. ಕಣದ ಡಿಎನ್ಎ ಕೆಡಿಸಿ, ಕಾವಲುಗಾರನ ಕೈಯಿಂದ ಅದನ್ನು ಸಾಯಿಸುವುದು ಕೀಮೋದ ದಾರಿ. ಕಾವಲುಗಾರನೇ ಇಲ್ಲದ ಕಡೆ ಅದು ನಡೆಯುವುದಿಲ್ಲ. ಆ ಪರೀಕ್ಷೆ ಮಾಡಿಸದೆ ಕೀಮೋ ಶುರುಮಾಡೋಣ ಎಂದರೆ, ವಿನಯದಿಂದಲೇ, ಪರೀಕ್ಷೆಯ ಬಗ್ಗೆ ಕೇಳಿ.

ದಿನದ ಮಾತ್ರೆ, ವರ್ಷದ ಲೆಕ್ಕ

ಈಗ ಹೆಚ್ಚಿನವರ ಮುಂದೆ ಬರುವ ಕವಲು ಇದು.

ಒಂದು ಕಡೆ ಬಿಟಿಕೆ ತಡೆಯುವ ಮಾತ್ರೆಗಳು. ಬಿ ಕಣಕ್ಕೆ ‘ಬದುಕು, ಬೆಳೆ’ ಎಂಬ ಸಂದೇಶ ಮುಟ್ಟಿಸುವ ಕಿಣ್ವ ಬಿಟಿಕೆ. ಅದರಲ್ಲಿನ ‘ಬಿ’ ಅಮೆರಿಕದ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್ ಅವರದ್ದು. ಪ್ರತಿಕಾಯಗಳೇ ಇಲ್ಲದ ಹುಡುಗನೊಬ್ಬನ ಕಾಯಿಲೆಯನ್ನು 1952ರಲ್ಲಿ ಅವರು ವಿವರಿಸಿದರು, ಈ ಕಿಣ್ವ ಕೆಟ್ಟಿದ್ದರೆ ಬರುವ ಕಾಯಿಲೆ ಅದು ಎಂದು ದಶಕಗಳ ನಂತರ ತಿಳಿಯಿತು. ಇಬ್ರುಟಿನಿಬ್‌ಗೆ ಸಿಎಲ್‌ಎಲ್‌ಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ. ಆಮೇಲೆ ಅಕಾಲಬ್ರುಟಿನಿಬ್, ಜಾನುಬ್ರುಟಿನಿಬ್ ಬಂದವು. ಮನೆಯಲ್ಲೇ ನುಂಗಬಹುದು, ಡ್ರಿಪ್ ಇಲ್ಲ, ಟಿಪಿ53 ಕೆಟ್ಟಿದ್ದರೂ ಕೆಲಸ ಮಾಡುತ್ತವೆ. ಆದರೆ ನಿಲ್ಲಿಸುವ ದಿನಾಂಕವಿಲ್ಲ. ಫಲ ಕೊಡುವವರೆಗೂ, ಮೈ ಒಪ್ಪುವವರೆಗೂ ನುಂಗುತ್ತಲೇ ಇರಬೇಕು. ಹೃದಯದ ಬಡಿತ ಲಯ ತಪ್ಪುವುದು, ಬಿಪಿ ಏರುವುದು, ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುವುದು ಇವುಗಳ ತೊಂದರೆಗಳು. ಈ ಮೂರರಲ್ಲಿ ಹೃದಯಕ್ಕೆ ಹೆಚ್ಚು ಕಾಟ ಕೊಡುವುದು ಇಬ್ರುಟಿನಿಬ್. ನೇರ ಹೋಲಿಕೆಯ ಪ್ರಯೋಗಗಳಲ್ಲಿ ಅಕಾಲಬ್ರುಟಿನಿಬ್ ಅಷ್ಟೇ ಫಲ ಕೊಟ್ಟು ಲಯದ ತೊಂದರೆ ಕಡಿಮೆ ತೋರಿಸಿತು. ಜಾನುಬ್ರುಟಿನಿಬ್ ಮರುಕಳಿಸಿದ ಕಾಯಿಲೆಯಲ್ಲಿ ಫಲದಲ್ಲೇ ಮುಂದೆ ನಿಂತಿತು. ಹೊಸದಾಗಿ ಶುರುಮಾಡುವವರಿಗೆ ಈ ಎರಡರಲ್ಲಿ ಒಂದು ಕೈಗೆಟುಕಿದರೆ ಅದೇ ವಾಸಿ ಎಂಬುದು ಇವುಗಳಿಂದ ನಾನು ಕಲಿತದ್ದು.

ಒಂದು ಎಚ್ಚರಿಕೆ. ಈ ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಲಿಂಫೋಸೈಟ್ ಎಣಿಕೆ ಇಳಿಯುವ ಬದಲು ಏರಬಹುದು. ಗಂಟುಗಳಲ್ಲಿ ಅಡಗಿದ್ದ ಕಣಗಳು ರಕ್ತಕ್ಕೆ ಹೊರಬೀಳುವುದರಿಂದ ಹಾಗಾಗುತ್ತದೆ. ಗಂಟು ಕರಗುತ್ತಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಲ್ಯಾಬ್ ವರದಿ ನೋಡಿ ಹೆದರಿ ತಾವೇ ಮಾತ್ರೆ ನಿಲ್ಲಿಸಿದವರಿದ್ದಾರೆ.

ಇನ್ನೊಂದು ಕಡೆ ವೆನೆಟೊಕ್ಲಾಕ್ಸ್. ಸಿಎಲ್‌ಎಲ್ ಕಣ ಸಾಯದೆ ಉಳಿಯುವುದು ಬಿಸಿಎಲ್2 ಎಂಬ ಪ್ರೋಟೀನಿನ ಬಲದಿಂದ. ಈ ಮಾತ್ರೆ ಆ ಬಲವನ್ನೇ ಕಸಿದುಕೊಳ್ಳುತ್ತದೆ. ಒಬಿನುಟುಜುಮ್ಯಾಬ್ ಎಂಬ ಡ್ರಿಪ್ ಮೊದಲ ಆರು ಸುತ್ತು, ಮಾತ್ರೆ ಸುಮಾರು ಒಂದು ವರ್ಷ. ಆಮೇಲೆ ಎಲ್ಲವೂ ನಿಲ್ಲುತ್ತದೆ. 432 ರೋಗಿಗಳ ಸಿಎಲ್‌ಎಲ್14 ಪ್ರಯೋಗದಲ್ಲಿ ಈ ಜೋಡಿ ಪಡೆದವರಲ್ಲಿ ಐದು ವರ್ಷದ ಹೊತ್ತಿಗೆ ನೂರಕ್ಕೆ 60ಕ್ಕೂ ಹೆಚ್ಚು ಜನರ ಕಾಯಿಲೆ ಮುಂದುವರಿದಿರಲಿಲ್ಲ. ಹಳೆಯ ಕ್ಲೋರಾಂಬ್ಯುಸಿಲ್ ಜೋಡಿಯಲ್ಲಿ ಅದು 30ಕ್ಕಿಂತ ಕಡಿಮೆ.

ತೊಡಕಿರುವುದು ಆರಂಭದಲ್ಲಿ. ಕಣಗಳು ರಾಶಿರಾಶಿಯಾಗಿ ಒಮ್ಮೆಲೇ ಸತ್ತರೆ ಅವುಗಳ ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ರಕ್ತಕ್ಕೆ ಸುರಿದು ಮೂತ್ರಪಿಂಡ, ಹೃದಯ ಕೈಕೊಡಬಹುದು. ಹಾಗಾಗದಂತೆ 20 ಮಿಲಿಗ್ರಾಂನಿಂದ ಶುರುಮಾಡಿ, ವಾರಕ್ಕೊಮ್ಮೆ 50, 100, 200 ಎಂದು ಏರಿಸಿ ಐದನೇ ವಾರ 400ಕ್ಕೆ ಮುಟ್ಟಿಸುತ್ತಾರೆ. ಚೆನ್ನಾಗಿ ನೀರು ಕುಡಿಯಬೇಕು, ಯೂರಿಕ್ ಆಮ್ಲ ಇಳಿಸುವ ಅಲೋಪ್ಯುರಿನಾಲ್ ನುಂಗಬೇಕು, ಡೋಸ್ ಏರಿಸಿದಾಗಲೆಲ್ಲ ಗಂಟೆಗಳ ಲೆಕ್ಕದಲ್ಲಿ ರಕ್ತಪರೀಕ್ಷೆ ಆಗಬೇಕು. ಹಳ್ಳಿಯಿಂದ ಬಂದುಹೋಗುವವರಿಗೆ ಈ ಐದು ವಾರ ದೊಡ್ಡ ಪರೀಕ್ಷೆ.

ಯಾರಿಗೆ ಯಾವುದು? ಟಿಪಿ53 ಕೆಟ್ಟಿದ್ದರೆ ತಜ್ಞರು ಹೆಚ್ಚಾಗಿ ದಿನದ ಮಾತ್ರೆಯ ಕಡೆ ವಾಲುತ್ತಾರೆ, ಏಕೆಂದರೆ ವರ್ಷದ ಚಿಕಿತ್ಸೆ ನಿಲ್ಲಿಸಿದ ಮೇಲೆ ಅಂಥವರಲ್ಲಿ ಕಾಯಿಲೆ ಬೇಗ ತಿರುಗಿ ಬರುತ್ತದೆ. ಮ್ಯುಟೇಟೆಡ್ ಬಗೆಯವರಿಗೆ ವರ್ಷದ ಚಿಕಿತ್ಸೆ ತುಂಬಾ ಕಾಲ ನೆಮ್ಮದಿ ಕೊಡುತ್ತದೆ. ಹೃದಯದ ಲಯ ಈಗಾಗಲೇ ತಪ್ಪಿದ್ದರೆ, ರಕ್ತ ತೆಳುಮಾಡುವ ಮಾತ್ರೆ ಬಿಡಲಾಗದಿದ್ದರೆ ವೆನೆಟೊಕ್ಲಾಕ್ಸ್ ಕಡೆ ತೂಕ ಹೆಚ್ಚು. ಮೂತ್ರಪಿಂಡ ದುರ್ಬಲವಾಗಿದ್ದರೆ, ಆಸ್ಪತ್ರೆ ದೂರವಿದ್ದರೆ ದಿನದ ಮಾತ್ರೆಯ ಕಡೆ. ಎರಡೂ ಬಗೆಯ ಮಾತ್ರೆಗಳನ್ನು ಸೇರಿಸಿ ನಿಗದಿತ ಅವಧಿಗೆ ಕೊಡುವ ದಾರಿಯೂ ತೆರೆದುಕೊಂಡಿದೆ.

ದೊಡ್ಡಪ್ಪನನ್ನು ಎರಡೂ ಕಡೆ ಎಳೆಯುವ ಕಾರಣಗಳಿದ್ದವು: ಲಯ ತಪ್ಪಿದ ಹೃದಯ ಒಂದು ಕಡೆ, ದೂರದ ಊರು ಇನ್ನೊಂದು ಕಡೆ. ಹೃದಯವನ್ನು ಬದಲಿಸಲಾಗದು, ಊರನ್ನು ಐದು ವಾರ ಬದಲಿಸಬಹುದು ಎಂದು ವೈದ್ಯರು ಹೇಳಿದರು. ಬೆಂಗಳೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಎರಡೂವರೆ ಲೀಟರ್ ನೀರಿನ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಆ ಐದು ವಾರ ಕಳೆದರು.

ಅಡುಗೆಮನೆ, ಮಾತ್ರೆ ಡಬ್ಬಿ

ಈ ಮಾತ್ರೆಗಳೆಲ್ಲ ಯಕೃತ್ತಿನ ಒಂದೇ ಕಿಣ್ವದ ಮೂಲಕ ಕರಗುತ್ತವೆ. ಆ ಕಿಣ್ವವನ್ನು ತಡೆಯುವುದೇನನ್ನು ತಿಂದರೂ ಔಷಧ ದೇಹದಲ್ಲಿ ಮಿತಿಮೀರುತ್ತದೆ. ವಿದೇಶಿ ಕರಪತ್ರಗಳಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ನಮಗೆ ಅದರ ಹತ್ತಿರದ ನೆಂಟ ಚಕ್ಕೋತ. ದೇವನಹಳ್ಳಿಯ ಚಕ್ಕೋತವನ್ನು ಎಷ್ಟೇ ಪ್ರೀತಿಯಿಂದ ತಂದುಕೊಟ್ಟರೂ ದೂರವಿಡಿ. ವೆನೆಟೊಕ್ಲಾಕ್ಸ್ ನುಂಗುವವರಿಗೆ ಧಾರೆಹುಳಿಯೂ ಸಲ್ಲದು. ಹೇರಳೆಕಾಯಿಯಂಥ ಕಹಿ ಕಿತ್ತಳೆ ಜಾತಿಯ ಉಪ್ಪಿನಕಾಯಿ, ಚಿತ್ರಾನ್ನದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಇದಕ್ಕಿಂತ ಅಪಾಯಕಾರಿ ಔಷಧದಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳು. ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್, ಕೆಮ್ಮು–ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಔಷಧದ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿಬಿಡುತ್ತದೆ. ಅಕಾಲಬ್ರುಟಿನಿಬ್ ಕ್ಯಾಪ್ಸೂಲ್ ರೂಪದಲ್ಲಿದ್ದರೆ ಗ್ಯಾಸ್ಟ್ರಿಕ್‌ಗೆ ಬೆಳಗಾಗೆದ್ದು ನುಂಗುವ ಪ್ಯಾಂಟೊಪ್ರಜೋಲ್ ಅದನ್ನು ಹೀರಲು ಬಿಡುವುದಿಲ್ಲ. ಟ್ಯಾಬ್ಲೆಟ್ ರೂಪದಲ್ಲಿ ಆ ತೊಂದರೆ ಇಲ್ಲ. ಬಿಟಿಕೆ ಮಾತ್ರೆ ನುಂಗುವವರು ಹಲ್ಲು ಕೀಳಿಸುವ ಮೊದಲೂ ತಜ್ಞರಿಗೆ ತಿಳಿಸಬೇಕು. ರಕ್ತಸ್ರಾವ ತಪ್ಪಿಸಲು ಕೆಲವು ದಿನ ಮಾತ್ರೆ ನಿಲ್ಲಿಸಬೇಕಾಗಬಹುದು. ರಿಟುಕ್ಸಿಮ್ಯಾಬ್ ಅಥವಾ ಒಬಿನುಟುಜುಮ್ಯಾಬ್ ಹಾಕಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಮಲಗಿದ್ದ ವೈರಾಣು ಇವುಗಳಿಂದ ಎದ್ದು ಯಕೃತ್ತನ್ನು ಕೆಡಿಸಬಲ್ಲದು.

ಖರ್ಚಿನ ಮಾತು

ಖರ್ಚಿನ ಮಾತನ್ನು ಮುಚ್ಚುಮರೆಯಿಲ್ಲದೆ ಮೊದಲ ದಿನವೇ ಆಡಿ. ರಿಟುಕ್ಸಿಮ್ಯಾಬ್‌ನ ದೇಶೀ ರೂಪ 2007ರಿಂದಲೇ ಭಾರತದಲ್ಲಿದೆ. ರಿಟುಕ್ಸಿಮ್ಯಾಬ್, ಬೆಂಡಮಸ್ಟಿನ್ ಎರಡೂ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಹೊಸ ಮಾತ್ರೆಗಳ ಲೆಕ್ಕ ಬೇರೆ. ವರ್ಷದಲ್ಲಿ ಮುಗಿಯುವ ಚಿಕಿತ್ಸೆಯ ತಿಂಗಳ ಬಿಲ್ಲು ದೊಡ್ಡದಾಗಿ ಕಂಡರೂ ಅದಕ್ಕೆ ಕೊನೆಯಿದೆ. ದಿನದ ಮಾತ್ರೆಯ ಬಿಲ್ಲನ್ನು ಐದು, ಎಂಟು ವರ್ಷಕ್ಕೆ ಗುಣಿಸಿ ನೋಡಬೇಕು. ಎರಡು ತಿಂಗಳು ಕೊಂಡು ಮೂರನೆಯ ತಿಂಗಳು ಕೈಚೆಲ್ಲುವುದಕ್ಕಿಂತ, ಕೊನೆಯವರೆಗೂ ನಡೆಸಬಲ್ಲ ಚಿಕಿತ್ಸೆಯೇ ಉತ್ತಮ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳಲ್ಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಆಸ್ಪತ್ರೆಗಳಲ್ಲಿ ಬರೆದುಕೊಟ್ಟ ಔಷಧದ ಹೆಸರು ಹಿಡಿದು ಆರೋಗ್ಯಮಿತ್ರರನ್ನು ಕೇಳಿ. ಔಷಧ ಕಂಪನಿಗಳ ರೋಗಿ ನೆರವು ಯೋಜನೆ ಇದೆಯೇ ಎಂದೂ ವಿಚಾರಿಸಿ.

ಮರುಕಳಿಸಿದರೆ

ಮರುಕಳಿಸಿದರೆ ದಾರಿ ಮುಚ್ಚಿತು ಎಂದಲ್ಲ. ವೆನೆಟೊಕ್ಲಾಕ್ಸ್ ನಿಲ್ಲಿಸಿ ತುಂಬಾ ಕಾಲದ ಮೇಲೆ ಕಾಯಿಲೆ ಬಂದರೆ ಅದನ್ನೇ ಮತ್ತೆ ಕೊಡಬಹುದು, ಇಲ್ಲವೇ ಬಿಟಿಕೆ ಮಾತ್ರೆಗೆ ಹೋಗಬಹುದು. ಬಿಟಿಕೆ ಮಾತ್ರೆಯ ಮೇಲಿರುವಾಗಲೇ ಕಾಯಿಲೆ ಏರಿದರೆ ವೆನೆಟೊಕ್ಲಾಕ್ಸ್ ಇದೆ. ಹಳೆಯ ಮಾತ್ರೆಗಳು ಕಚ್ಚಿಕೊಳ್ಳುವ ಜಾಗವೇ ಬದಲಾದಾಗಲೂ ಕೆಲಸ ಮಾಡುವ ಪಿರ್ಟೊಬ್ರುಟಿನಿಬ್ 2023ರ ಕೊನೆಯಲ್ಲಿ ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಅನುಮತಿ ಪಡೆದಿದೆ. ಒಂದೇ ಗಂಟು ಇದ್ದಕ್ಕಿದ್ದಂತೆ ಬೆಳೆದು, ಜ್ವರ ಬಂದು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದರೆ ತಡಮಾಡಬೇಡಿ. ಸಿಎಲ್‌ಎಲ್ ಉಗ್ರ ಲಿಂಫೋಮಾ ಆಗಿ ಮಾರ್ಪಡುವ ರಿಕ್ಟರ್ ಪರಿವರ್ತನೆ ಅದಾಗಿರಬಹುದು, ಆ ಗಂಟಿನಿಂದಲೇ ಬಯಾಪ್ಸಿ ಆಗಬೇಕು.

ಪ್ರತಿ ಹೊಸ ಚಿಕಿತ್ಸೆಯ ಮೊದಲು ಫಿಶ್ ಮತ್ತು ಟಿಪಿ53 ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕು, ಅವು ಕಾಲಕ್ಕೆ ಬದಲಾಗುತ್ತವೆ. ಐಜಿಎಚ್‌ವಿ ಬದಲಾಗುವುದಿಲ್ಲ, ಅದನ್ನು ಒಮ್ಮೆ ಮಾಡಿಸಿದರೆ ಸಾಕು, ಆದರೆ ಆ ಹಾಳೆ ಕಳೆಯಬಾರದು. ದೊಡ್ಡಪ್ಪನ ಐಜಿಎಚ್‌ವಿ ವರದಿಯ ಒಂದು ಪ್ರತಿ ಅವರ ತೋಟದ ಪಹಣಿ ಇರುವ ಟ್ರಂಕಿನಲ್ಲಿದೆ, ಇನ್ನೊಂದು ನನ್ನ ಮೊಬೈಲಿನಲ್ಲಿದೆ.